ಹೆಸರಘಟ್ಟಕ್ಕೆ ಒಬ್ಬನೇ

ಡಿಸೆಂಬರ್ ತಿಂಗಳ ಭಾನುವಾರ, ಬೆಳಗ್ಗೆ ಐದೂವರೆ. ಮಲ್ಲೇಶ್ವರದ ಹದಿನೈದನೇ ಕ್ರಾಸಿನ ಮೂಲೆಯಲ್ಲಿ ಸೈಕಲ್ ತಾನಾಗೇ ನಿಂತಿತು. ನಾವು ಐದು ಜನ ಸೇರುತ್ತಿದ್ದದ್ದು ಇಲ್ಲೇ. ಒಬ್ಬ ಮಗನ ಜೊತೆ ಇರಲು ಮೈಸೂರಿಗೆ ಹೋದ. ಒಬ್ಬನಿಗೆ ಮಂಡಿ ಆಪರೇಷನ್ ಆಯಿತು. ಇನ್ನೊಬ್ಬನ ಮನೆಯವರು ಈ ಟ್ರಾಫಿಕ್‌ನಲ್ಲಿ ಸೈಕಲ್ ಬೇಡವೇ ಬೇಡ ಅಂದರು. ಉಳಿದದ್ದು ಮೇಷ್ಟ್ರು ಮತ್ತು ನಾನು. ಯುಗಾದಿ ಕಳೆದು ವಾರಕ್ಕೆ ಮೇಷ್ಟ್ರೂ ತೀರಿಕೊಂಡರು. ನನಗೀಗ 66.

ಯಶವಂತಪುರ, ಪೀಣ್ಯ ದಾಟಿದೆ. ತುಮಕೂರು ರಸ್ತೆಯಲ್ಲಿ ಆ ಹೊತ್ತಿಗೂ ಲಾರಿಗಳು ಜಾಸ್ತಿ. ಸಾಲಾಗಿ ಹೋಗುವಾಗ ಮೇಷ್ಟ್ರು ಯಾವಾಗಲೂ ಕೊನೆಯಲ್ಲಿ. "ಲಾರಿ!" ಅಂತ ಕೂಗಿದರೆ ಸಾಕು, ಎಲ್ಲರೂ ಎಡಕ್ಕೆ ಸರಿಯುತ್ತಿದ್ದೆವು. ಯಾರೂ ಹಿಂದೆ ತಿರುಗಿ ನೋಡುತ್ತಲೇ ಇರಲಿಲ್ಲ. ಈಗ ಹ್ಯಾಂಡಲ್‌ಗೆ ಕನ್ನಡಿ ಹಾಕಿಸಿದ್ದೇನೆ. ಆದರೂ ಕಿವಿ ಆ ಕೂಗಿಗೇ ಕಾಯುತ್ತದೆ.

ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿ, ಬಾಗಲಗುಂಟೆ, ಚಿಕ್ಕಬಾಣಾವರ. ಸೋಲದೇವನಹಳ್ಳಿ ಬಂದಾಗೆಲ್ಲ ಮೇಷ್ಟ್ರು ನೀರಿನ ಕತೆ ಹೇಳುತ್ತಿದ್ದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟ ಕೆರೆ ಕಟ್ಟಿದ್ದು. ಅಲ್ಲಿನ ನೀರು ಸೋಲದೇವನಹಳ್ಳಿಗೆ ಬಂದು, ಪಂಪಾಗಿ, ನಮ್ಮ ಮಲ್ಲೇಶ್ವರಕ್ಕೆ ಸೇರುತ್ತಿತ್ತು. "ನಮ್ಮಜ್ಜ ಕುಡಿದ ನೀರು ಬಂದ ದಾರೀಲೇ ನಾವು ವಾಪಸ್ ಹೋಗ್ತಿದೀವಿ ಕಣಯ್ಯ" ಅನ್ನುತ್ತಿದ್ದರು. ನೂರು ಸಲ ಕೇಳಿದ್ದೆ. ಅವತ್ತು ಇನ್ನೊಂದು ಸಲ ಕೇಳಬೇಕಿತ್ತು ಅನ್ನಿಸಿತು.

ಮೊದಲು ಒಂದೂಕಾಲು ಗಂಟೆಯ ದಾರಿ. ಈಗ ಎರಡು ಗಂಟೆ ಹಿಡಿಯಿತು. ಊರಲ್ಲಿ ಇಡ್ಲಿ ತಿಂದೆ. ಒಬ್ಬನೇ ಇದ್ದ ಮೇಲೆ ಬೈಟು ಕೇಳೋ ಹಾಗಿಲ್ಲ. ಪೂರ್ತಿ ಕಾಫಿ ಕುಡಿದು ಕೆರೆ ಏರಿಯ ಮೇಲೆ ಸ್ವಲ್ಪ ಹೊತ್ತು ಕೂತೆ. ಮಂಜು ಇನ್ನೂ ಕರಗಿರಲಿಲ್ಲ. ಎಲ್ಲೋ ಟಿಟ್ಟಿಭ ಕೂಗುತ್ತಿತ್ತು.

ಹಿಂದಿರುಗುವಾಗ ಎದುರು ಗಾಳಿ. ಐವರಿದ್ದಾಗ ಸರದಿ ಪ್ರಕಾರ ಒಬ್ಬೊಬ್ಬರು ಮುಂದೆ ಹೋಗುತ್ತಿದ್ದೆವು. ಹಿಂದಿನವರಿಗೆ ತುಳಿಯೋದು ಎಷ್ಟೋ ಹಗುರ. ಈಗ ಸರದಿಯೆಲ್ಲ ನನ್ನದೇ. ತಲೆ ತಗ್ಗಿಸಿ, ಗೇರ್ ಇಳಿಸಿ ತುಳಿಯುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಚಕ್ರ ಮೆತ್ತಗಾಯಿತು. ಪಂಕ್ಚರ್.

ನಲವತ್ತು ವರ್ಷ ಸೈಕಲ್ ತುಳಿದಿದ್ದರೂ ದಾರಿಯಲ್ಲಿ ಒಬ್ಬನೇ ಪಂಕ್ಚರ್ ಹಾಕಿರಲಿಲ್ಲ. ಅದು ಮೇಷ್ಟ್ರ ಕೆಲಸ. "ಟ್ಯೂಬ್ ಆಮೇಲೆ, ಮೊದಲು ಮುಳ್ಳು ಹುಡುಕು" ಅನ್ನುತ್ತಿದ್ದರು. ಮುಳ್ಳು ಉಳಿದರೆ ಹೊಸ ಟ್ಯೂಬೂ ಹೋಗುತ್ತೆ ಅಲ್ವಾ? ಚಕ್ರ ಬಿಚ್ಚಿ, ಟೈರಿನ ಒಳಗೆ ಬೆರಳು ಆಡಿಸಿದೆ. ಒಂದು ಸುತ್ತು ಏನೂ ಸಿಗಲಿಲ್ಲ. ಎರಡನೇ ಸುತ್ತಿಗೆ ತುದಿ ಚುಚ್ಚಿತು. ಜಾಲಿ ಮುಳ್ಳು. ಉಗುರಲ್ಲಿ ಹಿಡಿದು ಎಳೆದೆ.

ಮೂವರು ಹುಡುಗರು ಸೈಕಲ್ ನಿಲ್ಲಿಸಿದರು. "ಅಂಕಲ್, ನಾವು ಹಾಕ್ಕೊಡ್ಲಾ?"

"ಬೇಡಪ್ಪ, ಗಾಳಿ ಮಾತ್ರ ಹೊಡೆದುಕೊಡಿ. ತೋಳು ಸೋತಿದೆ" ಅಂದೆ. ಹೊಡೆದುಕೊಟ್ಟರು. "ನಮ್ಮ ಹಿಂದೇನೇ ಬನ್ನಿ ಅಂಕಲ್" ಅಂದರು. ಚಿಕ್ಕಬಾಣಾವರದವರೆಗೂ ಅವರ ಬೆನ್ನ ಹಿಂದೆಯೇ ಹೋದೆ. ಕನ್ನಡಿಯಲ್ಲಿ ಟಿಪ್ಪರ್ ಕಾಣಿಸಿದಾಗ "ಲಾರಿ!" ಅಂತ ಕೂಗಿದೆ. ಮೂವರೂ ಎಡಕ್ಕೆ ಸರಿದರು.