ಜಲಗಾರನಿಗೆ ಪಾಠ ಹೇಳಿದ ಅಕ್ಕ

ಕಾರವಾರದ ಪಕ್ಕದ ನಮ್ಮೂರಲ್ಲಿ ಜಾತ್ರೆಗೆ ನಾಟಕ ಇದ್ದೇ ಇರುತ್ತದೆ. ನಗಿಸುತ್ತಾರೆ, ಅಳಿಸುತ್ತಾರೆ, ಮುಗೀತು. ಈ ಸಲ ಕಾಲೇಜು ಹುಡುಗರು ಕುವೆಂಪು ಅವರ ‘ಜಲಗಾರ’ ಹಿಡಿದುಕೊಂಡು ಬಂದರು. 1928ರ ನಾಟಕ, ಅದೂ ಪದ್ಯದಲ್ಲಿ. ಅರ್ಧ ಹುಡುಗರ ಮನೆಮಾತು ಕೊಂಕಣಿ. ಸೈಡ್‌ವಿಂಗ್‌ನಲ್ಲಿ ನಿಂತು ಪ್ರಾಂಪ್ಟ್ ಮಾಡುವ ಕೆಲಸ ನನಗೆ ಬಿತ್ತು.

ಕಥೆ ಚಿಕ್ಕದು. ಜಲಗಾರ ಅಂದರೆ ಬೀದಿ ಗುಡಿಸುವವನು. ಬೆಳಗಾಗೆದ್ದು ಗುಡಿಸುತ್ತಿರುತ್ತಾನೆ. ಜನ ಶಿವನ ಗುಡಿಗೆ ಹೊರಟಿದ್ದಾರೆ, ಅವನು ಹೋಗುವುದಿಲ್ಲ. ಕೊನೆಗೆ ಶಿವನೇ ಜಲಗಾರನಾಗಿ ಅವನ ಹತ್ತಿರ ಬರುತ್ತಾನೆ.

ಶಾಲೆಯ ಅಂಗಳದಲ್ಲಿ ತಾಲೀಮು. ಜಲಗಾರನ ಪಾತ್ರದ ಹುಡುಗ ಮನೆಯ ಮೋಟು ಪೊರಕೆ ತಂದು, ನಡು ಬಗ್ಗಿಸಿ ಗುಡಿಸುತ್ತಾ ಮಾತು ಹೇಳುತ್ತಿದ್ದ. ಕಾರವಾರದಲ್ಲಿ ರಸ್ತೆ ಗುಡಿಸುವ ಅಕ್ಕ ಒಬ್ಬರು ಕೆಲಸ ಮುಗಿಸಿ ಬಂದವರು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು. ತಡೆಯಲಾಗದೆ ಒಳಗೇ ಬಂದರು.

“ತಮ್ಮಾ, ಹೀಂಗೆ ಬಗ್ಗಿದ್ರೆ ಅರ್ಧ ರಸ್ತೆಗೇ ಸೊಂಟ ಬಿದ್ದು ಹೋಗ್ತದೆ. ಉದ್ದ ಕೋಲು ಕಟ್ಟು.”

ಬಿದಿರಿನ ಕೋಲಿಗೆ ತೆಂಗಿನ ಕಡ್ಡಿಯ ಪೊರಕೆ ಬಿಗಿದದ್ದಾಯಿತು. ಆಮೇಲೆ ಗಾಳಿಯ ಪಾಠ. ಗಾಳಿಗೆ ಬೆನ್ನು ಕೊಟ್ಟೇ ಗುಡಿಸಬೇಕು, ಇಲ್ಲಾಂದ್ರೆ ಧೂಳು ಬಾಯಿಗೇ. ನಸುಕಿನಲ್ಲಿ ನಮ್ಮಲ್ಲಿ ಗಾಳಿ ಗುಡ್ಡದ ಕಡೆಯಿಂದ ಕಡಲಿಗೆ ಬೀಸುತ್ತದೆ, ಹಾಗಾಗಿ ಕಡಲಿನ ಕಡೆಗೇ ಗುಡಿಸುತ್ತಾ ಹೋಗೋದು. ಸಂಜೆಗೆ ಎಲ್ಲ ಉಲ್ಟಾ. ದಿನಾ ಇದೇ ಗಾಳಿ ಕುಡಿಯುವ ನನಗೆ ಇದು ಗೊತ್ತೇ ಇರಲಿಲ್ಲ ನೋಡಿ. ನಾಟಕದಲ್ಲಿ ಬೆಳಗಿನ ಜಾವ ಅಲ್ವಾ, ಹುಡುಗ ಅಂದಿನಿಂದ ಪಡುವಣಕ್ಕೆ ಮುಖ ಮಾಡಿಯೇ ಗುಡಿಸಿದ. ಅವನ ಮಾತಿಗೂ ಉಸಿರು ಬಂತು. ಎರಡು ಬೀಸಿಗೆ ಒಂದು ಸಾಲು, ಸಲೀಸಾಗಿ. ನಾನು ಹೇಳಿಕೊಟ್ಟಿದ್ದಕ್ಕಿಂತ ಜಾಸ್ತಿ ಅವನಿಗೆ ಆ ಪೊರಕೆ ಹೇಳಿಕೊಟ್ಟಿತು.

ಕಾರವಾರದಲ್ಲಿದ್ದಾಗ ರವೀಂದ್ರನಾಥ ಠಾಕೂರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಕಡಲತೀರಕ್ಕೆ ಅವರ ಹೆಸರೂ ಇದೆ. ಹೆಸರಿಡೋದು ಸುಲಭ. ಊರು ಒಟ್ಟಿಗೆ ಕೂತು ಒಂದು ನಾಟಕದ ಮೇಲೆ ಜಗಳ ಆಡೋದು ಬೇರೆ.

ಆ ಜಗಳ ಪ್ರದರ್ಶನದ ರಾತ್ರಿ ಆಯಿತು. ಅಕ್ಕ ಮನೆಮಂದಿಯನ್ನೆಲ್ಲ ಕರೆದುಕೊಂಡು ಮುಂದಿನ ಚಾಪೆಯಲ್ಲೇ ಕೂತಿದ್ದರು. ಪರದೆ ಬಿದ್ದದ್ದೇ ತಡ, ತಾಳಮದ್ದಳೆಯಲ್ಲಿ ಅರ್ಥ ಹೇಳುವ ಅಜ್ಜ ಎದ್ದರು. “ಶಿವ ಪೊರಕೆ ಹಿಡಿದದ್ದು ಯಾವ ಪುರಾಣದಲ್ಲಿದೆ?” ಅಕ್ಕ ಕೂತಲ್ಲಿಂದಲೇ ಕೇಳಿದರು, “ಹಂಗಾದ್ರೆ ಸ್ಮಶಾನ ಯಾರು ಗುಡಿಸ್ತಾರೆ ಅಜ್ಜಾ?” ಜನ ಹೋ ಅಂದರು. ಅಜ್ಜನಿಗೂ ನಗು ಬಂತು, ಸೋಲು ಮಾತ್ರ ಒಪ್ಪಲಿಲ್ಲ. ಕುರ್ಚಿ ಮಡಚಿಡುವವರೆಗೂ ವಾದ ನಡೆಯಿತು.

ಈಗ ಹುಡುಗರು ಕುವೆಂಪು ಅವರದ್ದೇ ಏಕಲವ್ಯನ ನಾಟಕ ‘ಬೆರಳ್‌ಗೆ ಕೊರಳ್’ ಆಡುತ್ತೇವೆ ಅಂತ ಕೂತಿದ್ದಾರೆ. ಅದರ ಕನ್ನಡ ಇನ್ನೂ ಗಟ್ಟಿ, ಅಜ್ಜನೇ ಓದಿಸಬೇಕು. ಓದಿಸಲು ಒಪ್ಪಿದ್ದಾರೆ. ಷರತ್ತು ಒಂದೇ, ದ್ರೋಣನ ಪಾತ್ರ ಅವರದ್ದು. ಅಕ್ಕನ ಮಗನಿಗೆ ಏಕಲವ್ಯ ಬೇಕಂತೆ. ಅದಕ್ಕೆ ಆಗಲೇ ಇನ್ನಿಬ್ಬರು ಸಾಲಿನಲ್ಲಿದ್ದಾರೆ.