ಚುಕ್ಕೆಯಿಲ್ಲದ ಚುಕ್ಕೆ ರಾಟವಾಳ

ಬೆಳೆದ ಚುಕ್ಕೆ ರಾಟವಾಳವನ್ನು ಗುರುತಿಸುವುದು ಕಷ್ಟವೇನಲ್ಲ. ಗುಬ್ಬಚ್ಚಿಗಿಂತ ಚಿಕ್ಕದಾದ, ಸುಮಾರು 11 ಸೆಂ.ಮೀ. ಉದ್ದದ ಈ ಹಕ್ಕಿಯ ಮುಖ ಮತ್ತು ಗಂಟಲು ಕಂದುಗೆಂಪು. ಬಿಳಿಯ ಎದೆ ಹಾಗೂ ಪಕ್ಕೆಗಳ ಮೇಲೆ ಪ್ರತಿ ಗರಿಗೂ ಗಾಢ ಅಂಚಿರುವುದರಿಂದ ಅಲ್ಲಿ ಮೀನಿನ ಹುರುಪೆಯಂಥ ವಿನ್ಯಾಸ ಮೂಡುತ್ತದೆ. 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಕೊಟ್ಟ 'ಪಂಕ್ಚುಲೇಟ' (ಸಣ್ಣ ಚುಕ್ಕೆಗಳುಳ್ಳದ್ದು) ಎಂಬ ಜಾತಿಯ ಹೆಸರನ್ನು ಈ ಹಕ್ಕಿ ಇಂದಿಗೂ ಉಳಿಸಿಕೊಂಡಿದೆ.

ತೊಡಕು ಬರುವುದು ಮರಿಗಳಿಂದ. ಗೂಡು ಬಿಟ್ಟು ಹಿಂಡು ಸೇರಿದ ಎಳೆಯ ಹಕ್ಕಿಗಳ ಮೈಮೇಲೆ ಒಂದು ಚುಕ್ಕೆಯೂ ಇರುವುದಿಲ್ಲ. ಬೆನ್ನು ಮಾಸಲು ಕಂದು, ಹೊಟ್ಟೆ ಅದಕ್ಕಿಂತ ತಿಳಿ, ಅಷ್ಟೆ. ಹೆಣ್ಣು ಗೀಜಗವೆಂದು ಅನುಮಾನ ಬಂದರೆ ಬೆನ್ನನ್ನು ನೋಡಬೇಕು: ಗೀಜಗದ ಬೆನ್ನಿನ ಮೇಲೆ ಎದ್ದು ಕಾಣುವ ಕಪ್ಪು ಗೀರುಗಳಿರುತ್ತವೆ, ಎಳೆಯ ರಾಟವಾಳದ ಬೆನ್ನು ಬೋಳುಬೋಳಾಗಿರುತ್ತದೆ. ಬಿಳಿಗಂಟಲಿನ ರಾಟವಾಳಕ್ಕೆ ಮೊನಚಾದ ಕಪ್ಪು ಬಾಲವೂ ಬಾಲದ ಬುಡದಲ್ಲಿ ಬಿಳಿಯೂ ಇರುವುದರಿಂದ ಅದು ಹಾರಿದಾಗ ಗೊಂದಲ ಬಗೆಹರಿಯುತ್ತದೆ. ಕಪ್ಪುತಲೆಯ ರಾಟವಾಳದ ಮರಿ ಮಾತ್ರ ಹೆಚ್ಚುಕಡಿಮೆ ಇದರ ಪಡಿಯಚ್ಚು. ಜೊತೆಯಲ್ಲಿರುವ ದೊಡ್ಡ ಹಕ್ಕಿಗಳು ಯಾವುವೆಂದು ನೋಡಿ ಊಹಿಸಬಹುದಾದರೂ ಎರಡೂ ಜಾತಿಗಳು ಬೆರೆತ ಹಿಂಡಿನಲ್ಲಿ ಅಂಥ ಮರಿಗೆ ಹೆಸರು ಹಚ್ಚದೆ ಬಿಡುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಬಣ್ಣಕ್ಕಿಂತ ನಡವಳಿಕೆಯನ್ನು ಗಮನಿಸುವುದು ನನಗೆ ಹೆಚ್ಚು ಇಷ್ಟ. ಹುಲ್ಲಿನ ತೆನೆಗೆ ಜೋತುಬಿದ್ದ ರಾಟವಾಳದ ಭಾರಕ್ಕೆ ಕಡ್ಡಿ ನೆಲದತ್ತ ಬಾಗುತ್ತದೆ. ಹಕ್ಕಿ ಅಡಿಮೇಲಾಗಿಯೂ ಹಿಡಿತ ಬಿಡದೆ ಕಾಳು ಕೀಳುತ್ತಾ, ದಪ್ಪ ಕೊಕ್ಕಿನಿಂದ ಅದರ ಸಿಪ್ಪೆ ಉದುರಿಸುತ್ತದೆ. ನಡುನಡುವೆ ರೆಕ್ಕೆ ಬಾಲಗಳನ್ನು ಪಟಪಟನೆ ಅದುರಿಸುವ ಅಭ್ಯಾಸವೂ ಇದಕ್ಕಿದೆ. ಕಾಳೇ ಮುಖ್ಯ ಆಹಾರವಾದರೂ ಸಣ್ಣ ಹಣ್ಣು, ಕೀಟಗಳನ್ನು ಒಲ್ಲೆನ್ನುವುದಿಲ್ಲ.

ಗಂಡುಹೆಣ್ಣುಗಳು ನೋಡಲು ಒಂದೇ ರೀತಿ. ಹಾಡುವುದು ಗಂಡು, ಆದರೆ ಆ ಹಾಡು ಎಷ್ಟು ಮೆಲುವೆಂದರೆ ಕೊಂಚ ದೂರದಲ್ಲಿದ್ದರೂ ಗಂಟಲು ಉಬ್ಬುವುದು ಕಾಣುತ್ತದೆಯೇ ಹೊರತು ದನಿ ಕೇಳಿಸುವುದಿಲ್ಲ. ಹುಲ್ಲಿನ ಎಸಳು, ಬಿದಿರೆಲೆಗಳಿಂದ ಕಟ್ಟಿದ, ಪಕ್ಕದಲ್ಲಿ ಬಾಗಿಲಿರುವ ಚೆಂಡಿನಾಕಾರದ ಗೂಡಿನಲ್ಲಿ ಸಾಮಾನ್ಯವಾಗಿ 4ರಿಂದ 6 ಬಿಳಿ ಮೊಟ್ಟೆಗಳಿರುತ್ತವೆ. ಕಾವು ಕೊಡುವ ಕೆಲಸ ಇಬ್ಬರದ್ದೂ.

ಎಳೆಯ ಹಕ್ಕಿಗಳು ಗರಿ ಬದಲಿಸತೊಡಗಿದಾಗ ಎದೆಯ ಮಾಸಲು ಬಣ್ಣದ ನಡುವೆ ಅಲ್ಲೊಂದು ಇಲ್ಲೊಂದು ಹುರುಪೆ ಮೂಡುತ್ತದೆ. ಅಂಥ ಒಂದೆರಡು ಗರಿ ಬೈನಾಕ್ಯುಲರ್‌ಗೆ ಸಿಕ್ಕರೂ ಸಾಕು, ಕಪ್ಪುತಲೆಯ ರಾಟವಾಳದ ಅನುಮಾನ ಅಲ್ಲಿಗೆ ಮುಗಿಯುತ್ತದೆ.