ಏಳನೆಯ ಬೇಲಿಯ ಮುಂದೆ

ಭಾನುವಾರ ಕಂಡ ಆ ಕಂದು ಕುದುರೆ, ಗುರುವಾರವಾದರೂ ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ನಡೆದ ಶೋ ಜಂಪಿಂಗ್ ಸ್ಪರ್ಧೆಯಲ್ಲಿ ಆರು ಬೇಲಿಗಳನ್ನು ಗೊರಸು ತಾಗಿಸದೆ ದಾಟಿದ್ದ ಅದು, ಏಳನೆಯದರ ಮುಂದೆ ಮುಂಗಾಲುಗಳನ್ನು ಮರಳಿನಲ್ಲಿ ಊರಿ ನಿಂತುಬಿಟ್ಟಿತು. ಹದಿನಾರರ ಆಸುಪಾಸಿನ ಸವಾರಳು ಅದರ ಕತ್ತಿನವರೆಗೆ ಜಾರಿ, ಜೂಲು ಹಿಡಿದು ಹೇಗೋ ಉಳಿದುಕೊಂಡಳು.

ಪಕ್ಕದಲ್ಲಿದ್ದವರೊಬ್ಬರು, "ಚಾಟಿಯಿಂದ ಎರಡು ಬಿಟ್ಟಿದ್ದರೆ ಹಾರುತ್ತಿತ್ತು" ಎಂದರು. ಬಕೆಟ್ ಹಿಡಿದು ನಿಂತಿದ್ದ, ಕುದುರೆಯ ಆರೈಕೆ ನೋಡಿಕೊಳ್ಳುವ ಹಿರಿಯ ಸೈಸ್ ತಿರುಗಿ ನೋಡಿ, "ಹತ್ತಿರ ಬಂದ್ಮೇಲೆ ಅದಕ್ಕೆ ಬೇಲಿ ಕಾಣ್ಸಲ್ಲ ಸಾರ್. ನಮ್ಮನ್ನ ನಂಬ್ಕೊಂಡು ಹಾರುತ್ತೆ" ಎಂದರು.

ಆ ಮಾತು ನಿಜ. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಅದಕ್ಕೆ ಸುತ್ತಲಿನ ಬಹುಪಾಲು ಕಾಣುತ್ತದಾದರೂ ಹಣೆಯ ನೇರ ಮುಂದೆ ತೀರಾ ಹತ್ತಿರವಿರುವುದು ಕಾಣುವುದಿಲ್ಲ. ಜಿಗಿಯುವ ಕ್ಷಣಕ್ಕೆ ಬೇಲಿ ಅದರ ದೃಷ್ಟಿಯಿಂದ ಮರೆಯಾಗಿರುತ್ತದೆ. ಇಷ್ಟು ವರ್ಷ ಬೇಲಿಯ ಎತ್ತರವನ್ನಷ್ಟೇ ಲೆಕ್ಕ ಹಾಕುತ್ತ ಬಂದಿದ್ದ ನನಗೆ ಆಟವೇ ಬೇರೆಯಾಗಿ ಕಾಣತೊಡಗಿದೆ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ, 2021ರಲ್ಲಿ ಟೋಕಿಯೊದ ಒಲಿಂಪಿಕ್ಸ್‌ನಲ್ಲಿ ಸೀನ್ಯೂರ್ ಮೆಡಿಕಾಟ್ ಕುದುರೆಯೊಂದಿಗೆ ಈವೆಂಟಿಂಗ್ ಫೈನಲ್ ತಲುಪಿ 23ನೆಯವರಾದಾಗ, ಪದಕ ಬರಲಿಲ್ಲವೆಂದು ಕೊರಗಿದವರಲ್ಲಿ ನಾನೂ ಒಬ್ಬ. ಈವೆಂಟಿಂಗ್ ಎಂದರೆ ಡ್ರೆಸಾಜ್ (ಸವಾರರ ಸೂಚನೆಯಂತೆ ಕುದುರೆ ನಿಗದಿತ ನಡೆಗಳನ್ನು ತೋರಿಸುವುದು), ಕ್ರಾಸ್ ಕಂಟ್ರಿ (ಬಯಲಿನ ಅಡೆತಡೆಗಳನ್ನು ದಾಟುವ ಓಟ), ಜಂಪಿಂಗ್ ಮೂರೂ ಸೇರಿದ ಸ್ಪರ್ಧೆ. ಕೊನೆಯ ಎರಡರಲ್ಲಿ ಆ ಪ್ರಾಣಿ ಎಷ್ಟು ಬಾರಿ ಕಾಣದ್ದನ್ನು ನಂಬಿ ಜಿಗಿದಿರಬೇಕೆಂದು ಅಂದು ನನಗೆ ತೋಚಿರಲಿಲ್ಲ.

ಹೊಡೆದರೆ ಹಾರುತ್ತದೆ ಎನ್ನುವವರ ಬಗ್ಗೆ ನನಗೆ ಗೌರವವಿಲ್ಲ. ಡೆನ್ಮಾರ್ಕ್‌ನ ಲಿಸ್ ಹಾರ್ಟೆಲ್ ಪೋಲಿಯೊದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಕುದುರೆ ಹತ್ತಲು, ಇಳಿಯಲು ಅವರಿಗೆ ಇನ್ನೊಬ್ಬರ ನೆರವು ಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಗಂಡಸರೊಂದಿಗೇ ಸ್ಪರ್ಧಿಸಿ, ಜುಬಿಲಿ ಎಂಬ ಕುದುರೆಯ ಮೇಲೆ ಡ್ರೆಸಾಜ್ ಬೆಳ್ಳಿ ಗೆದ್ದರು. ಕಾಲಿನಿಂದ ಒತ್ತಲಾಗದವರ ಮೈಭಾರದ ಸಣ್ಣ ಬದಲಾವಣೆಯನ್ನು ಆ ಕುದುರೆ ಅರ್ಥ ಮಾಡಿಕೊಳ್ಳುತ್ತಿತ್ತು.

ಭಾನುವಾರದ ಹುಡುಗಿ ಚಾಟಿ ಎತ್ತಲಿಲ್ಲ. ಕತ್ತು ಸವರಿ, ದೊಡ್ಡದೊಂದು ಸುತ್ತು ಹಾಕಿಸಿ, ಮತ್ತೆ ಅದೇ ಬೇಲಿಯತ್ತ ತಿರುಗಿಸಿದಳು. ಕುದುರೆಯ ಒಂದು ಕಿವಿ ಅವಳತ್ತ ಹಿಂದಕ್ಕೆ ವಾಲಿತ್ತು. ಬೇಲಿ ಮೂರು ಹೆಜ್ಜೆ ದೂರವಿದ್ದಾಗ ಎರಡೂ ಕಿವಿಗಳು ಮುಂದಕ್ಕೆ ನಿಮಿರಿದವು, ಕುದುರೆ ಹಾರಿತು. ಆ ಕಿವಿಗಳ ಚಲನೆಯನ್ನು ನಾಲ್ಕು ದಿನಗಳಿಂದ ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ನಿಂತದ್ದಕ್ಕೆ 4 ದಂಡಾಂಕ ಬಿದ್ದು ಬಹುಮಾನ ಕೈತಪ್ಪಿತು.

ಹೊರಬಂದ ಕುದುರೆಗೆ ಸೈಸ್ ನೀರು ಕೊಡುವ ಮೊದಲು ಬಗ್ಗಿ, ಮುಂಗಾಲುಗಳ ನರದ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ಗೊರಸುಗಳನ್ನು ಒಂದೊಂದಾಗಿ ಎತ್ತಿ, ಅಂಗೈ ಇಟ್ಟು ಬಿಸಿ ಇದೆಯೇ ಎಂದು ಪರೀಕ್ಷಿಸಿದರು. ಅದು ಏಕೆ ನಿಂತಿತೆಂದು ಆ ಮೈದಾನದಲ್ಲಿ ಕುದುರೆಯನ್ನೇ ಕೇಳಿದವರು ಅವರೊಬ್ಬರೇ.